ನಾನು ತೋಡಿದ ಬಾವಿ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ನಕ್ಷೆ ಕಚೇರಿಯ ನನ್ನ ಸಹೋದ್ಯೋಗಿಗಳೇ, ಮೊದಲ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನಮ್ಮ ಮನೆಯವರೇ, ಸಭಿಕರೇ,

ನಿವೃತ್ತನಾಗುವವನು ನಾಲ್ಕು ಒಳ್ಳೆಯ ಮಾತಾಡಿ ಕೆಳಗಿಳಿಯಬೇಕು. ನಾನೂ ಬರೆದುಕೊಂಡೇ ಬಂದಿದ್ದೆ. ಆದರೆ ಅಧ್ಯಕ್ಷರು ಈಗಷ್ಟೇ ಎರಡು ಸಂಗತಿ ಹೇಳಿದರು. ಮೂವತ್ತೈದು ವರ್ಷದ ಹಿಂದೆ ನಾನು ಕೈಯಾರೆ ಬರೆದ ಮರುಭೂಮಿಯ ನಕ್ಷೆಯಲ್ಲಿ ಒಂದೂ ತಪ್ಪಿಲ್ಲವಂತೆ. ಸೋಮವಾರ ಹೊರಡುವ ಅಳತೆಯ ತಂಡ ಅದನ್ನೇ ನಂಬಿ, ನೀರಿನ ಹೊರೆ ಅರ್ಧಕ್ಕಿಳಿಸಿ, ನಡುವಿನ ಬಾವಿಯ ಹತ್ತಿರ ಬಿಡಾರ ಹೂಡುತ್ತದಂತೆ. ಬರೆದು ತಂದದ್ದನ್ನು ಜೇಬಿಗೆ ಹಾಕಿಕೊಂಡಿದ್ದೇನೆ.

ಸಭಿಕರೇ, ಆ ಬಾವಿ ತೋಡಿದವರು ಯಾರು? ನಾನು. ಯಾವುದರಿಂದ? ಲೇಖನಿಯಿಂದ.

ಮರುಭೂಮಿ ಬರೆಯುವುದು ಸುಲಭ ಅಂದುಕೊಳ್ಳಬೇಡಿ. ಊರಿನ ನಕ್ಷೆಯಲ್ಲಿ ಮಸಿ ಚೆಲ್ಲಿದರೆ ಯಾವುದಾದರೂ ಕೆರೆ ನುಂಗಿಕೊಳ್ಳುತ್ತದೆ. ಮರಳಿನಲ್ಲಿ ಬಚ್ಚಿಡುವುದೆಲ್ಲಿ? ನೂರು ವರ್ಷದ ಹಳೆಯ ಹಾಳೆ ನೋಡಿಕೊಂಡು, ಎಂಟು ತಿಂಗಳು ಚುಕ್ಕಿ ಚುಕ್ಕಿಯಾಗಿ ದಿಬ್ಬಗಳನ್ನಿಟ್ಟೆ. ಕೊನೆಯ ದಿನ ಒಂದು ಸೀನು ಬಂತು. ನೀಲಿ ಮಸಿಯ ಒಂದು ತೊಟ್ಟು ಬಿತ್ತು. ನಮ್ಮಲ್ಲಿ ನೀಲಿ ಅಂದರೆ ನೀರು. ಕೆರೆದರೆ ಹಾಳೆ ತೂತಾಗುತ್ತಿತ್ತು. ಸುತ್ತ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಸಿಹಿನೀರು’ ಎಂದು ಬರೆದೆ. ಹೇಗೂ ಇಲ್ಲದ ಬಾವಿ, ಅದರಲ್ಲಿ ಉಪ್ಪುನೀರು ಯಾಕೆ?

ತಪಾಸಣೆಯ ಮೇಜಿನ ಹುಡುಗಿ ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನನ್ನು ಕರೆಸಿದಳು.

“ಈ ಬಾವಿ ಹಳೇದ್ರಲ್ಲಿ ಇಲ್ವಲ್ಲ?”

ಎಂಟು ತಿಂಗಳ ಕಥೆ ಹೇಳುತ್ತಾ ನನಗೆ ಅಳುವೇ ಬಂತು. ಅವಳಿಗೆ ನಗು ಬಂತು. “ಅಲ್ಲಿಗೆ ಯಾರು ಹೋಗ್ತಾರೆ ಬಿಡಿ” ಎಂದು ಸಹಿ ಹಾಕಿದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಮರುವರ್ಷ ಮದುವೆಯಾದೆವು.

ಅಯ್ಯೋ. ಸಹಿ ಯಾರದೆಂದು ಹೇಳಬಾರದು ಅಂತ ಮದುವೆಯ ದಿನವೇ ತಾಕೀತಾಗಿತ್ತು. ಅವರೀಗ ಗಡಿಯಾರ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ.

ಪ್ರತಿ ಮುದ್ರಣಕ್ಕೂ ‘ಈ ಸಲ ಹೇಳಿಬಿಡೋಣ’ ಅಂದುಕೊಂಡೆವು. ಪ್ರತಿ ಸಲವೂ ಮರ್ಯಾದೆ ಅಡ್ಡ ಬಂತು. ಇವತ್ತು ಮರ್ಯಾದೆಗಿಂತ ಹೆದರಿಕೆ ದೊಡ್ಡದಾಗಿದೆ. ಸೋಮವಾರ ಹೊರಡುವವರೇ, ಕೈ ಮುಗಿದು ಕೇಳುತ್ತೇನೆ, ನೀರು ಪೂರ್ತಿ ಹೊತ್ತುಕೊಂಡು ಹೋಗಿ. ಅಲ್ಲಿ ಇರುವುದು ನನ್ನ ಸೀನು ಮಾತ್ರ.

ಅಧ್ಯಕ್ಷರೇ, ಚೌಕಟ್ಟು ಹಾಕಿಸಿ ನೀವು ಕೊಟ್ಟ ಆ ನಕ್ಷೆಯ ಗಾಜು ಸ್ವಲ್ಪ ತೆಗೆಸಿ. ನಮ್ಮ ಮನೆಯವರು ಎದ್ದು ವೇದಿಕೆಯ ಕಡೆಗೇ ಬರುತ್ತಿದ್ದಾರೆ, ಕೈಯಲ್ಲಿ ಕೆಂಪು ಪೆನ್ನಿದೆ. ಮೂವತ್ತೈದು ವರ್ಷ ತಡವಾಗಿ ತಪಾಸಣೆ ಶುರುವಾಗುತ್ತಿದೆ. ಮೊದಲು ಬಾವಿಗೋ ನನಗೋ ಗೊತ್ತಿಲ್ಲ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಎಲ್ಲರಿಗೂ ಧನ್ಯವಾದ, ನಮಸ್ಕಾರ.