ಕಿಂಡಿಯಾಚೆಯ ನಗು

ನಗ್ಬೇಡ್ವೇ! ಏಯ್ ಗುಬ್ಬಿ... ಮೆಲ್ಲಗೆ! ಅಂಗಡಿ ಯಜಮಾನ್ರು ಮೇಲ್ಗಡೆ ಮನೇಲಿ ಊಟಕ್ಕೆ ಕೂತಿದಾರೆ. ತುತ್ತು ಬಾಯಿಗಿಡ್ತಿದ್ರೂ ಕಿವಿ ಮಾತ್ರ ಕೆಳಗೆ ಅಂಗಡೀಲೇ ಇರತ್ತೆ ಆ ಮನುಷ್ಯಂದು. ನಾನು ಹೇಳಿದ್ದಾದ್ರೂ ಏನು? ಬಸುರಿಯಾಗಿದೀನಿ ಅಂದೆ. ಅಷ್ಟೇ ತಾನೆ! ಅದಕ್ಕೆ ಯಾರಾದ್ರೂ ಹೀಗೆ ಬಿದ್ದು ಬಿದ್ದು ನಗ್ತಾರಾ?

ಒಳಗಡೆಯಿಂದ ಚಿಲಕ ಹಾಕಿದೀಯ ತಾನೆ? ಹಾಂ, ಹಾಗೇ ಇರ್ಲಿ. ಡ್ರೈಕ್ಲೀನಿಂಗ್ ಮೆಶಿನ್ ರೂಮಿನ ಬಾಗ್ಲು ತೆಗೆದಿದ್ರೆ ಗಿರಾಕಿಗಳು ಮೂಗು ಮುರೀತಾರೆ ಅಂತ ಅವರಿಗೆ ಕೋಪ. ನಮಗೂ ಒಳ್ಳೇದೇ, ಯಾರೂ ಸರಕ್ಕಂತ ನುಗ್ಗಲ್ಲ. ಈ ಕಿಂಡೀಲೇ ಮಾತಾಡೋಣ. ಕೋಟು ದಾಟೋ ಕಿಂಡೀಲಿ ಒಂದು ಗುಟ್ಟು ದಾಟಲ್ವಾ?

ಇಲ್ವೇ, ಯಾರಿಗೂ ಹೇಳಿಲ್ಲ. ನನ್ನ ಗಂಡನ್ನ ಬಿಟ್ರೆ ನೀನೇ. ಅತ್ತೆಗೂ ಇನ್ನೂ ಬಾಯಿ ಬಿಟ್ಟಿಲ್ಲ. ನೀನು ಓರಗಿತ್ತಿ ಅನ್ನೋದು ಹೆಸರಿಗೆ, ನಂಗೆ ತಂಗಿ ಇದ್ದಹಾಗೆ, ಅದಕ್ಕೇ ಹೇಳ್ದೆ. ನಿನ್ನ ಗಂಡನ ಹತ್ರ ಮಾತ್ರ ಹೇಳೀಯ ಜೋಕೆ! ನನ್ನ ಮೈದುನ ನಿಜ, ಬಂಗಾರದಂಥ ಹುಡುಗ ನಿಜ, ಆದ್ರೆ ಅವನ ಹೊಟ್ಟೇಲಿ ಒಂದು ಮಾತೂ ಅರಗಲ್ಲ.

ಮತ್ತೆ ನಕ್ಕೆ ನೋಡು.

ಯಜಮಾನ್ರಿಗೆ ಯಾವಾಗ ಹೇಳ್ಲಿ, ಅದೇ ನನ್ನ ತಲೆ ತಿಂತಿರೋದು. ಈಗಲೇ ಹೇಳು ಅಂತೀಯಾ? ನಿಂಗೇನು ಗೊತ್ತು. ನೀನು ಬರೋಕೆ ಮುಂಚೆ ಇಲ್ಲಿ ಬಟ್ಟೆಗೆ ಗುಂಡಿ ಹಾಕೋಳು ಒಬ್ಬಳು ಇದ್ಲು. ಒಳ್ಳೇ ಕೈ. ಪಾಪ, ನಿಯತ್ತಾಗಿ ಹೋಗಿ ಹೇಳಿದ್ಲು. ಅಯ್ಯೋ, ಏನು ಖುಷಿ ಇವರಿಗೆ! "ಬಾಳ ಸಂತೋಷ ಕಣಮ್ಮ, ನಿನ್ನಂಥೋಳು ಇಂಥ ಹೊತ್ತಲ್ಲಿ ದುಡೀಬಾರ್ದು, ಮನೇಲಿ ಆರಾಮಾಗಿರು." ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ್ರು! ಮಾರನೇ ದಿನ ಅವಳ ಸ್ಟೂಲ್ ಮೇಲೆ ಬೇರೆಯೋಳು. ಮಗು ಆದ್ಮೇಲೆ ಬಂದು ಕೇಳಿದ್ಲು, ಇದೇ ಕೌಂಟರ್ ಹತ್ರ, ಕೂಸು ಎತ್ಕೊಂಡು... ಯಜಮಾನ್ರು ತಲೆ ಎತ್ತಿ ನೋಡ್ಲಿಲ್ಲ.

ಸೋಮವಾರ ಹೊಸ ಅಂಗಡಿ ತೆಗೀತಾರಲ್ಲ, ಅದರ ಬೀಗದ ಕೈ ನಂಗೇ ಅಂತ ಬಾಯಿ ಬಿಟ್ಟು ಹೇಳಿದಾರೆ. ಕೌಂಟರ್ ಪೂರ್ತಿ ನಂದು! ಕೂತ್ಕೊಂಡು ಮಾಡೋ ಕೆಲಸ ಕಣೇ. ಬೀಗದ ಕೈ ಒಂದ್ಸಲ ನನ್ನ ಕೈಗೆ ಬರ್ಲಿ, ನಾಕು ಗಿರಾಕಿ ನನ್ನ ಮುಖ ನೋಡಿ ಬರೋಹಾಗಾಗ್ಲಿ, ಆಮೇಲೆ ಹೇಳ್ತೀನಿ. ಆವಾಗ ಅಷ್ಟು ಸುಲಭಕ್ಕೆ ಕಿತ್ತುಹಾಕೋಕಾಗಲ್ಲ. ಅಲ್ಲೀವರೆಗೂ ಬಾಯಿಗೆ ಬೀಗ. ಏನಂತೀಯ?

ಏನು? ನಾನ್ಯಾಕೆ ಅಷ್ಟು ದೂರ ನಿಂತು ಮಾತಾಡ್ತಿದೀನಾ? ಮೂಗಿಗೆ ಕರ್ಚೀಫಾ? ನೆಗಡಿ ಕಣೇ. ನಿಂಗೂ ಹತ್ತೀತು ಅಂತ.

ಅದಿರ್ಲಿ, ಆ ಕರಿ ಕೋಟು ದಾಟಿಸು, ಸಂಜೆಗೆ ಒಯ್ತಾರೆ. ಕೋಟು ಅಂದೆ... ಇದು ಪರದೆ ಅಲ್ವೇನೇ! ಕರಿ ಕೋಟು ಕೇಳಿದ್ರೆ ಹಸಿರು ಪರದೆ ಕೊಡ್ತಾಳೆ. ಅದಕ್ಕೂ ನಗು! ಬೆಳಿಗ್ಗೆ ಏನು ತಿಂದು ಬಂದೆ, ನಗೋ ಮಾತ್ರೆನಾ? ಇನ್ನೊಂದ್ಸಲ ಕೈ ಹಾಕಿ ನೋಡು. ಎಡಗಡೆ. ಎಡಗಡೆ ಕಣೇ, ಅದು ಬಲ.

ತಲೆ ಭಾರನಾ? ಬಿಸಿಲಿಗೆ ಇರ್ಬೇಕು. ಮಗು ರಾತ್ರಿ ಅತ್ತಿರ್ಬೇಕು, ನಿನ್ನ ನಿದ್ದೆ ಕೆಟ್ಟಿರತ್ತೆ. ಅದೇ. ಫ್ಯಾನ್ ಹಾಕ್ಕೋ... ಓ, ಅದು ತಿರುಗಲ್ಲ ಅಲ್ವಾ. ರಿಪೇರಿ ಮಾಡಿಸ್ತೀನಿ ಅಂದಿದಾರೆ. ಮಾಡಿಸ್ತಾರೆ ಬಿಡು.

ಗುಬ್ಬಿ, ಒಂದು ಕೇಳ್ಲಾ? ನಿಂಗೆ ಅಲ್ಲಿ ವಾಸನೆ ಏನಾದ್ರೂ ಬರ್ತಿದ್ಯಾ? ಮೆಶಿನ್‌ಗೆ ಹಾಕೋ ಆ ಕೆಮಿಕಲ್ಲಿಂದು, ಸಿಹಿ ಸಿಹಿಯಾಗಿ? ಇಲ್ವಾ? ಒಂಚೂರೂ ಇಲ್ವಾ? ಸರಿ. ಹಾಗಾದ್ರೆ ಏನಿಲ್ಲ. ಸುಮ್ನೆ ಕೇಳ್ದೆ. ದಿನಾ ಅಲ್ಲೇ ಇದ್ರೆ ಮೂಗು ಹೊಂದ್ಕೊಂಡ್ಬಿಡತ್ತೆ, ಯಜಮಾನ್ರಿಗೂ ಬರಲ್ಲ, ಯಾರಿಗೂ ಬರಲ್ಲ.

ಅಯ್ಯೋ, ನಂಗೆ ಬರತ್ತೆ ಅಂತ ಎಲ್ಲಿ ಹೇಳ್ದೆ?

ನಿನ್ನ ಜೊತೆ ಜಾಗ ಯಾಕೆ ಬದಲಾಯಿಸ್ಕೊಂಡೆ ಅಂತ ಈಗ್ಯಾಕೆ ಕೇಳ್ತಿದೀಯ? ಸೊಂಟ ನೋವು ಅಂತ ಆವತ್ತೇ ಹೇಳಿದ್ನಲ್ಲ. ಇಸ್ತ್ರಿ ಮೇಜಿನ ಹತ್ರಾನೂ ನಿಂತೇ ಇರ್ಬೇಕಲ್ಲ ಅಂತೀಯಾ... ಓಹೋ, ವಕೀಲೆ! ಇಸ್ತ್ರಿ ಮಾಡುವಾಗ ಒಂದು ಕಾಲು ಪೀಠದ ಮೇಲೆ ಇಟ್ಕೋಬಹುದು, ಸೊಂಟಕ್ಕೆ ಆರಾಮ. ಅಷ್ಟೇ. ಅದರಲ್ಲಿ ಗುಟ್ಟೇನಿದೆ? ನಿನ್ನ ಕೆಲಸಕ್ಕೆ ಸೇರಿಸಿದೋಳು ನಾನು. ನಿಂಗೆ ಕೆಟ್ಟದ್ದು ಬಯಸ್ತೀನಾ?

ಮಾತಾಡು.

ಕಾಲ ಕೆಳಗೆ ಒದ್ದೆನಾ? ಎಲ್ಲಿ? ಮೆಶಿನ್ ಹತ್ರಾನಾ? ನೀರಿರ್ಬೇಕು ಕಣೇ... ಹೌದು, ಹೌದು, ಡ್ರೈಕ್ಲೀನಿಂಗ್‌ನಲ್ಲಿ ನೀರೆಲ್ಲಿಂದ ಬರ್ಬೇಕು. ಬಾಳ ಜಾಣೆ ನೀನು. ನಗ್ಬೇಡ. ಗುಬ್ಬಿ, ಇದು ನಗೋ ವಿಷಯ ಅಲ್ಲ. ಎಷ್ಟು ಒದ್ದೆ? ಚಪ್ಪಲಿ ಅಂಟತ್ತಾ? ಬಗ್ಗಿ ನೋಡ್ಬೇಡ! ಬಗ್ಗಬೇಡ ಅಂದೆ! ಮೆಶಿನ್ ಆಫ್ ಮಾಡು. ಕೆಂಪು ಗುಂಡಿ. ಮಾಡಿದ್ಯಾ? ಸದ್ದು ನಿಂತಿಲ್ವಲ್ಲ... ಯಾವ ಗುಂಡಿ ಒತ್ತಿದೆ?

ಕೂತ್ಕೋಬೇಡ. ನಿದ್ದೆ ಬರ್ತಿದ್ರೂ ಕೂತ್ಕೋಬೇಡ. ಕೇಳಿಸ್ಕೋ, ಬಾಗ್ಲ ಹತ್ರ ಬಾ, ಚಿಲಕ ತೆಗಿ. ಗುಟ್ಟು ಮಣ್ಣುಪಾಲಾಗ್ಲಿ, ಚಿಲಕ ತೆಗಿ! ಎರಡೇ ಹೆಜ್ಜೆ. ಬರ್ತಿದೀಯ?... ಬರ್ತಿದೀನಿ ಅಂತೀಯ, ಸ್ವರ ಅಲ್ಲೇ ಇದೆಯಲ್ಲೇ.

ನಾನ್ಯಾಕೆ ಇಷ್ಟು ಗಾಬರಿ ಬೀಳ್ತಿದೀನಿ ಅಂತ ಕೇಳ್ಬೇಡ. ಬಾ ಮೊದಲು.

ಗುಬ್ಬಿ?

ಸರಿ, ಹೇಳ್ತೀನಿ, ಎದ್ದು ಬಾ, ಎಲ್ಲಾ ಹೇಳ್ತೀನಿ. ನೆಗಡಿ ಇಲ್ಲ ನಂಗೆ. ಸೊಂಟಾನೂ ನೋವಿಲ್ಲ. ಬಸುರಿಯಾದಾಗಿಂದ ನನ್ನ ಮೂಗು ನಾಯಿ ಮೂಗಾಗಿದೆ. ಪಕ್ಕದ ಮನೆ ಸೋಪಿನ ವಾಸನೆ ನಮ್ಮನೆ ಮಂಚದ ಮೇಲೆ ಬರತ್ತೆ. ನಾನು ಅಲ್ಲಿ ಕೆಲಸ ಮಾಡ್ತಿದ್ದಾಗಲೇ ಬಂತು ಆ ವಾಸನೆ, ಮೆಶಿನ್ ಬಾಗ್ಲಿನ ರಬ್ಬರ್ ಹತ್ರ. ಬೆರಳಿಟ್ಟು ನೋಡ್ದೆ. ಸೀಳು ಬಿಟ್ಟಿದೆ ಅದು. ಕೆಮಿಕಲ್ ಸ್ವಲ್ಪ ಸ್ವಲ್ಪ ಹೊರಗೆ ಬರ್ತಿತ್ತು. ಮನೆಗೆ ಹೋದ್ರೆ ತಲೆಕೂದಲಲ್ಲೂ ಅದೇ ವಾಸನೆ. ಡಾಕ್ಟ್ರಮ್ಮ ಎಲ್ಲಿ ಕೆಲಸ ಅಂತ ಕೇಳಿ ಬೈದ್ರು, ಆ ರೂಮಿಗೆ ಕಾಲಿಡ್ಬೇಡ ಅಂದ್ರು. ಹೋದ ವರ್ಷ ಒಂದು ಬಸಿರು ನಿಲ್ಲಲಿಲ್ವಲ್ಲ... ನಿಂಗೆ ಗೊತ್ತಿಲ್ಲ ಅದು. ಯಾರಿಗೂ ಗೊತ್ತಿಲ್ಲ. ಆವಾಗಲೂ ನಾನು ಅಲ್ಲೇ ನಿಂತಿದ್ದೆ, ಇದೇ ಮೆಶಿನ್ ಮುಂದೆ. ಈ ಸಲ ನನ್ನ ಕೈಲಿ ಆಗ್ತಿರಲಿಲ್ಲ ಗುಬ್ಬಿ. ಆಣೆಗೂ ಆಗ್ತಿರಲಿಲ್ಲ.

ಯಜಮಾನ್ರಿಗೆ ಹೇಳ್ಬೇಕಿತ್ತು. ಹೇಳೋಕೆ ಮೆಟ್ಟಿಲು ಹತ್ತಿದೀನಿ ಕೂಡ, ಅರ್ಧಕ್ಕೆ ಇಳಿದುಬಂದೆ. ಯಾರಿಗೂ ಬರದ ವಾಸನೆ ನಿಂಗೊಬ್ಬಳಿಗೆ ಹೇಗಮ್ಮ ಬಂತು ಅಂತ ಕೇಳ್ತಾರೆ. ಅವರ ಹೆಂಡತಿ ಮೂರು ಹೆತ್ತೋರು, ಕಣ್ಣು ಮಿಟುಕಿಸೋದರಲ್ಲಿ ಗೊತ್ತುಮಾಡ್ಕೋತಾರೆ. ಸೋಮವಾರ ಆಗಿಬಿಡ್ಲಿ ಅಂದ್ಕೊಂಡೆ. ಸೋಮವಾರ ಬೀಗದ ಕೈ ಬರ್ಲಿ, ಮಂಗಳವಾರ ಬೆಳಿಗ್ಗೇನೇ ರಬ್ಬರ್ ವಿಷಯ ಹೇಳ್ಬಿಡ್ತೀನಿ, ಅಲ್ಲೀವರೆಗೂ... ಅಲ್ಲೀವರೆಗೂ ನೀನು ನಿಂತಿರು ಅಂತ. ಗಟ್ಟಿಮುಟ್ಟಾಗಿದೀಯ, ನಾಕು ದಿನಕ್ಕೆ ಏನಾಗತ್ತೆ ಅಂತ. ನಿನ್ನ ಮಗಳು ಎರಡು ವರ್ಷದೋಳು ಮನೇಲಿದಾಳೆ ಅಂತ ನಂಗೆ ನೆನಪಾಗಲಿಲ್ವಾ? ಆಯ್ತು ಕಣೇ! ದಿನಾ ಆಯ್ತು! ಆದ್ರೂ ಕಳಿಸ್ದೆ.

ಬೈಯಿ ನನ್ನ. ಬಾಯಿಗೆ ಬಂದಹಾಗೆ ಬೈಯೇ!

ಯಾಕೆ ಸುಮ್ನಿದೀಯ?

ಕೈ ಕೊಡು. ಕಿಂಡೀಲಿ ಕೈ ಕೊಡು. ಕರ್ಚೀಫು ಬಿಸಾಕಿದೀನಿ ನೋಡು, ಹತ್ರ ಬಂದಿದೀನಿ... ಥೂ, ಏನು ವಾಸನೆ... ಎಲ್ಲಿದೀಯ? ಕಾಣ್ತಿದೆ, ನಿನ್ನ ಕಾಲು ಕಾಣ್ತಿದೆ. ಚಪ್ಪಲಿ ಒಂದೇ ಇದೆ. ಕಾಲು ಅಲ್ಲಾಡ್ಸು. ಒಂದು ಬೆರಳು. ಒಂದೇ ಒಂದು ಬೆರಳು ಅಲ್ಲಾಡ್ಸೇ!

ಸಾರ್! ಸಾ...ರ್! ಯಜಮಾನ್ರೇ, ಕೆಳಗೆ ಬನ್ನಿ! ಮೆಶಿನ್ ರೂಮಿನ ಹಿಂದಿನ ಬಾಗ್ಲ ಬೀಗದ ಕೈ ತನ್ನಿ! ಕೈ ತೊಳೀಬೇಡಿ, ಹಾಗೇ ಬನ್ನಿ! ಮೆಶಿನ್ ಲೀಕಾಗಿದೆ, ಹುಡುಗಿ ಒಳಗಡೆ ಬಿದ್ದಿದಾಳೆ, ಚಿಲಕ ಒಳಗಡೆಯಿಂದ ಹಾಕಿದೆ, ಹಾಕ್ಕೋ ಅಂದಿದ್ದು ನಾನೇ! ಹೌದು ಸಾರ್, ಲೀಕು! ಗೊತ್ತಿತ್ತು! ನಂಗೆ ಹೋದ ವಾರಾನೇ ಗೊತ್ತಿತ್ತು! ಹೇಗೆ ಅಂದ್ರೆ... ನಾನು ಬಸುರಿ ಸಾರ್! ಬಸುರಿ! ಅದಕ್ಕೇ ವಾಸನೆ ಬಂತು, ಅದಕ್ಕೇ ಹೇಳ್ಲಿಲ್ಲ! ಕೆಲಸದಿಂದ ತೆಗೀರಿ, ಏನು ಬೇಕಾದ್ರೂ ಮಾಡಿ, ಮೊದಲು ಬಾಗ್ಲು ತೆಗೀರಿ!

ಬರ್ತಿದಾರೆ ಗುಬ್ಬಿ. ಮೆಟ್ಟಿಲು ಸದ್ದು ಕೇಳಿಸ್ತಾ? ಬಂದೇಬಿಟ್ರು. ಯಾವಾಗ ಹೇಳ್ಲಿ ಅಂತ ನಿನ್ನ ತಲೆ ತಿಂತಿದ್ನಲ್ಲ, ಹೇಳ್ಬಿಟ್ಟೆ ನೋಡು. ಬೀದಿಗೆಲ್ಲ ಕೇಳೋಹಾಗೆ ಹೇಳ್ಬಿಟ್ಟೆ.

ನಗು ಬರಲ್ವಾ ನಿಂಗೆ?

ನಗೇ... ಇನ್ನು ಬೇಡ ಅನ್ನಲ್ಲ. ಒಂದ್ಸಲ ನಗೇ.