ಸೋಫಾ ಪಕ್ಕದ ಎಂಜಿನ್

ವಾಹನ ತಪಾಸಣೆ ಕಚೇರಿಯ ಬೆಂಚಿನ ತುದಿಯಲ್ಲಿ, ಸ್ಕೂಟರಿನ ಕಾಗದಗಳನ್ನು ಎದೆಗವಚಿಕೊಂಡು ಕುಳಿತಿದ್ದ ಹುಡುಗಿಗೆ ಪಕ್ಕದ ಗಂಡ ಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಉಗುರುಗಳಲ್ಲಿ ಗ್ರೀಸು ಕಪ್ಪಗೆ ಕೂತಿತ್ತು.

“ಹಳೇ ಜಪಾನಿ ಕಾರಿಗೆ ಎರಡರಷ್ಟು ಶಕ್ತಿಯ ಎಂಜಿನ್ ಕೂರಿಸಿದೀನಿ ಕಣೆ. ಅದನ್ನ ಮೆಚ್ಚೋದು ಬಿಟ್ಟು, ಇನ್‌ಸ್ಪೆಕ್ಟರು ಎಂಜಿನ್ ನಂಬರ್ ತೋರಿಸಿ ಅಂತಾರೆ.”

“ತೋರಿಸಿ ಮತ್ತೆ.”

“ನಂಬರ್ ಆ ಗಾಳಿ ಊದೋ ಟರ್ಬೋ ಹಿಂದೆ ಮುಚ್ಚಿಹೋಗಿದೆ. ಕೂರಿಸೋವಾಗ ಹೊಳೀಲೇ ಇಲ್ಲ.”

“ನಂಬರ್ ನಂಗೆ ಬಾಯಿಪಾಠ. ಎಂಜಿನ್ ಎಂಟು ತಿಂಗಳು ನಮ್ಮನೆ ಸೋಫಾ ಪಕ್ಕ ಇತ್ತಲ್ಲ, ದಿನಾ ಧೂಳು ಒರೆಸಿದ್ದು ಯಾರು?”

“ಅವರು ಕಣ್ಣಾರೆ ನೋಡ್ಬೇಕಂತೆ. ಇವತ್ತು ಆಗದಿದ್ರೆ ಎಂಜಿನ್ ಮತ್ತೆ ಇಳಿಸ್ಬೇಕು.”

“ಇಳಿಸಿ ಎಲ್ಲಿಡ್ತೀರಿ?”

ಗಂಡ ಗೋಡೆ ಗಡಿಯಾರ ನೋಡಿದ.

“ರೀ, ಎಲ್ಲಿಡ್ತೀರಿ ಅಂದೆ.”

“ಸೋಫಾ ಪಕ್ಕ... ಸ್ವಲ್ಪ ದಿನ ಅಷ್ಟೇ.”

“ನಿಮ್ಮ ಸ್ವಲ್ಪ ದಿನ ನಂಗೊತ್ತಿಲ್ವಾ? ನಮ್ಮಮ್ಮ ಬಂದಾಗ ಅದರ ಮೇಲೆ ಬಟ್ಟೆ ಹಾಸಿ ಕಾಫಿ ಇಟ್ಟಿದೀನಿ!”

ಆಕೆ ಕೈಚೀಲ ತಡಕಿ, ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿ ತೆಗೆದಳು.

“ಇದನ್ನ ಸಂದೀಲಿ ತೂರಿಸಿ ಹಿಡೀರಿ. ಟಾರ್ಚ್ ನಾನು ಬಿಡ್ತೀನಿ. ಅವರು ಬಗ್ಗಿ ನೋಡ್ಲಿ.”

“ಕನ್ನಡಿ ಮಸಿ ಆಗುತ್ತಲ್ಲೇ!”

“ಸೋಫಾ ಮಸಿ ಆದಾಗ ಈ ಕಾಳಜಿ ಎಲ್ಲಿತ್ತು? ಏಳಿ!”

ಇಬ್ಬರೂ ಅಂಗಳಕ್ಕೆ ನಡೆದರು. ಸ್ವಲ್ಪ ಹೊತ್ತಿಗೆ, ಇನ್‌ಸ್ಪೆಕ್ಟರು ತಡವರಿಸುತ್ತ ಒಂದೊಂದೇ ಅಂಕಿ ಓದುವುದು ಹುಡುಗಿಗೆ ಕಿಟಕಿಯಿಂದ ಕೇಳಿಸಿತು. ಹೆಂಡತಿಯ ದನಿ ಪ್ರತಿಸಲವೂ ಅವರಿಗಿಂತ ಒಂದು ಅಂಕಿ ಮುಂದಿತ್ತು.