ಹಿಂದಿನ ಸೀಟಿನ ಉದ್ದ

ಕಾರು ಶೋರೂಮಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಸೋಫಾದಲ್ಲಿ ಗಂಡ ಹೆಂಡತಿ. ಎದುರಿಗೆ ಲಾರಿಯ ತಮ್ಮನಂಥ ಎಸ್‌ಯುವಿ.

“ರೀ, ಗೇರಿನದೇ ಇರ್ಲಿ. ನಿಮ್ಮ ಕೈಗೆ ಅದೇ ರೂಢಿ.”

“ಬೇಡ, ಆಟೋಮ್ಯಾಟಿಕ್ಕೇ ತಗೊಳ್ಳೋಣ. ನಿಂಗೆ ಸುಲಭ.”

“ನಂಗ್ಯಾಕೆ? ಓಡ್ಸೋರು ನೀವು.”

“ಮೊನ್ನೆ ಎದೆ ಹಿಡ್ಕೊಂಡು ರಸ್ತೆ ಪಕ್ಕ ನಿಲ್ಸಿದ್ನಲ್ಲ, ಆಗ ಏನ್ಮಾಡ್ದೆ?”

ಆಕೆ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಬಂದ ಗಾಡಿಗೆಲ್ಲ ಕೈ ಅಡ್ಡ ಹಾಕ್ದೆ. ಒಬ್ರೂ ನಿಲ್ಲಿಸ್ಲಿಲ್ಲ.”

“ನಮ್ಮ ಕಾರು ಅಲ್ಲೇ ಇತ್ತು ಕಣೇ.”

“ಕ್ಲಚ್ಚು ಬಿಟ್ಟಾಗೆಲ್ಲ ಆಫ್ ಆಗ್ತಿತ್ತಲ್ರೀ! ಅದನ್ನ ನೆನಪಿಸ್ಬೇಡಿ.”

“ಅದಕ್ಕೇ ಹೇಳ್ತಿರೋದು.”

“ಆಟೋಮ್ಯಾಟಿಕ್ ತಗೊಂಡ್ರೆ, ಮತ್ತೆ ಹಾಗೇ ಆಗುತ್ತೆ ಅಂತ ನಾವೇ ಒಪ್ಕೊಂಡ ಹಾಗಲ್ವಾ? ಗೇರಿನದಾದ್ರೆ ನೀವೇ ಓಡಿಸ್ಬೇಕಾಗುತ್ತೆ. ನೀವು ಚೆನ್ನಾಗಿರ್ಲೇಬೇಕಾಗುತ್ತೆ.”

“ಎದೆ ಏನು ಕಾರು ನೋಡಿ ಕೈ ಕೊಡುತ್ತಾ?”

“ಇಬ್ರಿಗೆ ಇಷ್ಟು ದೊಡ್ಡ ಗಾಡಿ ಬೇರೆ ಯಾಕೋ!”

ಆತ ಎದುರಿನ ಗಾಡಿಯ ಹಿಂದಿನ ಸೀಟನ್ನು ಇಣುಕಿ ನೋಡಿದ. ಅಷ್ಟರಲ್ಲಿ ಸೇಲ್ಸ್‌ನವನು ಓಡಿಸಿ ನೋಡಲು ಆಟೋಮ್ಯಾಟಿಕ್ ಗಾಡಿಯನ್ನು ಬಾಗಿಲಿಗೇ ತಂದು ನಿಲ್ಲಿಸಿ, ಬೀಗದಕೈ ಚಾಚಿದ. ಗಂಡ ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟ.

“ನೀವು ಪಕ್ಕದಲ್ಲೇ ಕೂತ್ಕೊಳ್ತೀರಲ್ವಾ?”

“ಪಕ್ಕದಲ್ಲಿ ಈ ಸೇಲ್ಸ್‌ನವರು ಕೂರ್ತಾರೆ. ನಾನು ಹಿಂದೆ.”

ಆತ ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಕಳಚಿ, ಆ ಅಗಲವಾದ ಸೀಟಿನ ಮೇಲೆ ಉದ್ದಕ್ಕೆ ಮಲಗಿಕೊಂಡ.

“ಅಯ್ಯೋ, ಇದೇನ್ರೀ? ಏಳಿ!”

“ಮತ್ತೆ ಹಾಗಾದ ದಿನ ಹೀಗೇ ಇರ್ತೀನಿ. ಈಗ್ಲೇ ಅಭ್ಯಾಸ ಮಾಡ್ಕೋ. ಹೊರಡು.”

ಆಕೆ ಮುಂದೆ ಕೂತು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಗಾಡಿ ಸದ್ದಿಲ್ಲದೆ ಮುಂದೆ ಸರಿಯಿತು. ತೆರೆದ ಕಿಟಕಿಯಿಂದ ಅವಳ ದನಿಯೊಂದೇ ಕೇಳಿಸಿತು:

“ರೀ, ಮಾತಾಡ್ತಾನೇ ಇರಿ.”